ಪಾಲಿಶ್ ಬೇಡ ಅಂದಿದ್ದೆನಲ್ಲ!

ವಾಚನ್ನು ಸರ್ವಿಸ್‌ಗೆ ಕೊಡುವಾಗ ಮೂರು ಸಲ ಹೇಳಿದ್ದೆ. ಒಳಗೆ ಕ್ಲೀನ್ ಮಾಡಿ, ಎಣ್ಣೆ ಹಾಕಿ, ಹೊರಗಿನ ಸ್ಟೀಲ್ ಮಾತ್ರ ಮುಟ್ಟಬೇಡಿ ಅಂತ. ಚೀಟಿಯಲ್ಲೂ ಬರೆಸಿದ್ದೆ. ವಾಪಸ್ ಬಂದ ವಾಚು ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು. "ಪಾಲಿಶ್ ಫ್ರೀಯಾಗಿ ಮಾಡಿದ್ದೀವಿ ಸರ್" ಅಂತ ನಗು ಬೇರೆ!

ಅದು 1970ರ ದಶಕದ ಒಮೆಗಾ ಸ್ಪೀಡ್‌ಮಾಸ್ಟರ್. 1969ರಲ್ಲಿ ಚಂದ್ರನ ಮೇಲೆ ಓಡಾಡಿ ಬಂದ ವಾಚಿನ ವಂಶ. ಬೆಲ್ಟ್ ಸಿಗಿಸುವ ಅದರ ಕಾಲುಗಳು ಸ್ವಲ್ಪ ತಿರುಚಿಕೊಂಡಿರುತ್ತವೆ. ಒಂದು ಮೈಯಲ್ಲಿ ಸಣ್ಣ ಸಣ್ಣ ಗೆರೆ, ಪಕ್ಕದ್ದು ಕನ್ನಡಿ. ನಡುವೆ ಚಾಕುವಿನಂಥ ಅಂಚು. ಹಳೇ ವಾಚು ಕೂಡಿಡುವವರು ಮೊದಲು ನೋಡುವುದೇ ಆ ಅಂಚನ್ನು. ನನ್ನದರಲ್ಲಿ ಈಗ ಅದು ಅರ್ಧ ಚೀಪಿದ ಪೆಪ್ಪರ್‌ಮಿಂಟ್! ಪಾಲಿಶ್ ಚಕ್ರಕ್ಕೆ ಹಿಡಿದು ಸವೆಸಿದ ಸ್ಟೀಲು ಮತ್ತೆ ಹುಟ್ಟುತ್ತಾ?

ತಮಾಷೆ ಕೇಳಿ. ಇದರ ಗಾಜು ಗಾಜೇ ಅಲ್ಲ, ಪ್ಲಾಸ್ಟಿಕ್. ಪೇಸ್ಟ್ ಹಚ್ಚಿ ಐದು ನಿಮಿಷ ಉಜ್ಜಿದರೆ ಸಣ್ಣ ಗೀರೆಲ್ಲ ಮಾಯ. ಇಡೀ ವಾಚಿನಲ್ಲಿ ಧೈರ್ಯವಾಗಿ ಉಜ್ಜಬಹುದಾಗಿದ್ದದ್ದು ಅದೊಂದೇ. ಅದರ ಮೇಲಿನ ಹಳೇ ಗೀರು ಮಾತ್ರ ಹಾಗೇ ಇದೆ.