ಹೊಟ್ಟೆಯಿಲ್ಲದ ಗಿಟಾರಿಗೆ ಹೊಸ ಬ್ರಿಡ್ಜ್

ಆನ್‌ಲೈನ್ ಅಂಗಡಿಯವರು 'ಎಲ್ಲಾ ಗಿಟಾರಿಗೂ ಹೊಂದುತ್ತದೆ' ಎಂದು ಬರೆದಿದ್ದರೆ, 'ನಿಮ್ಮದೊಂದನ್ನು ಬಿಟ್ಟು' ಎಂದು ನಾವೇ ಸೇರಿಸಿ ಓದಿಕೊಳ್ಳಬೇಕು. ಧಾರವಾಡದ ಮಳೆಗಾಲ ನನ್ನ ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್‌ಗೆ (ತಂತಿಗಳನ್ನು ಹೊತ್ತು ಕೂರುವ ಲೋಹದ ಭಾಗ) ಚೆನ್ನಾಗಿ ತುಕ್ಕು ಹಿಡಿಸಿತ್ತು. ತಂತಿಯ ಎತ್ತರ ಸರಿ ಮಾಡುವ ಪುಟಾಣಿ ಸ್ಕ್ರೂಗಳಿಗೆ ಅಲೆನ್ ಕೀ ಹಾಕಿದರೆ ಸುಮ್ನೆ ಗಿರಗಿರ ತಿರುಗುತ್ತಿತ್ತು. ಹಾಗಾಗಿ ಹೊಸ ಟ್ರೆಮೊಲೊ ಬ್ರಿಡ್ಜ್ ತರಿಸಿದೆ. ಅದಕ್ಕೊಂದು ಕಡ್ಡಿ ಇರುತ್ತದೆ. ಒತ್ತಿದರೆ ಬ್ರಿಡ್ಜ್ ಮುಂದಕ್ಕೆ ವಾಲಿ ಆರೂ ತಂತಿ ಸಡಿಲವಾಗುತ್ತವೆ, ಸ್ವರ ಕೆಳಗಿಳಿಯುತ್ತದೆ. ಬಿಟ್ಟರೆ ಮೊದಲಿನ ಜಾಗಕ್ಕೆ ಬರುತ್ತದೆ. ಬರಬೇಕು ಅಂತ ನಿಯಮ.

ಇಟ್ಟು ನೋಡಿದರೆ ಸ್ಕ್ರೂ ತೂತುಗಳೇ ತಾಳೆಯಾಗಲಿಲ್ಲ. ಹಳೆಯ ಅಮೆರಿಕನ್ ಅಳತೆಯಲ್ಲಿ ಮೊದಲ ಸ್ಕ್ರೂವಿನಿಂದ ಆರನೆಯದಕ್ಕೆ ಸುಮಾರು 56 ಮಿಲಿಮೀಟರ್. ಏಷ್ಯಾದಲ್ಲಿ ತಯಾರಾಗುವ ಅಗ್ಗದ ಗಿಟಾರುಗಳಲ್ಲಿ ಹೆಚ್ಚಾಗಿ 52.5. ಮೂರೂವರೆ ಮಿಲಿಮೀಟರ್ ಏನು ಮಹಾ ಅನಿಸಬಹುದು. ಆದರೆ ಹಳೇ ತೂತಿನ ಅಂಚಿಗೇ ಹೊಸದು ಕೊರೆದರೆ ಸ್ಕ್ರೂ ಹಳೆಯದರೊಳಗೇ ಜಾರುತ್ತದೆ. ವಾಪಸ್ ಕಳಿಸೋಣವೆಂದರೆ, ಪೊಟ್ಟಣ ಹರಿದ ಮೇಲೆ ತಗೊಳ್ಳುವುದಿಲ್ಲವಂತೆ. ಹರಿಯದೆ ಅಳೆಯುವುದು ಹೇಗೆ ಅಂತ ಕೇಳಿದೆ. ಉತ್ತರವಾಗಿ ಒಂದು ನಗುಮುಖದ ಚಿತ್ರ ಬಂತು.

ತಂಬೂರಿ, ಸಿತಾರಿಗೆ ಏನಾದರೂ ಆದರೆ ನಮ್ಮ ಕಡೆಯವರಿಗೆ ಮಿರಜ್ ಇದೆ. ಅಲ್ಲಿ ತಲೆತಲಾಂತರದಿಂದ ಅದೇ ಕೆಲಸ ಮಾಡುವವರಿದ್ದಾರೆ. ಎಲೆಕ್ಟ್ರಿಕ್ ಗಿಟಾರಿಗೆ ಯಾರಿದ್ದಾರೆ? ನಮ್ಮ ಓಣಿಯ ಬಡಿಗ ಕಾಕಾ ಇದ್ದಾರೆ. ಬಾಗಿಲು, ಮಂಚ, ದೇವರ ಮಂಟಪ ಮಾಡುವವರು. ಗಿಟಾರನ್ನು ತಿರುಗಿಸಿ, ಬೆರಳಿಂದ ಬಡಿದು ನೋಡಿದರು.

"ಇದಕ್ಕ ಹೊಟ್ಟಿನ ಇಲ್ಲಲ್ಲೋ ತಮ್ಮಾ. ದನಿ ಎಲ್ಲಿಂದ ಬರತೈತಿ?"

"ಕರೆಂಟ್‌ಲೆ ಬರತೈತ್ರಿ ಕಾಕಾ."

"ಕರೆಂಟ್ ಹೋದ್ರ?"

"ಚಾ ಕುಡೀತೀನ್ರಿ."

ಈ ಉತ್ತರ ಅವರಿಗೆ ಒಪ್ಪಿಗೆಯಾಯಿತು. ಸಾಗವಾನಿಯ ಚೂರು ಸೀಳಿ ಆರು ಗೂಟ ಮಾಡಿದರು. ಅಂಟು ಹಚ್ಚಿ ಹಳೇ ತೂತುಗಳಿಗೆ ಬಡಿದರು. ಮರುದಿನ ಉಳಿಯಿಂದ ಸಮ ಮಾಡಿ, ಪೆನ್ಸಿಲ್ ಗುರುತು ಹಾಕಿ, ಹೊಸ ತೂತು ಕೊರೆದರು. ಪ್ರತಿ ಸ್ಕ್ರೂವನ್ನೂ ಸಾಬೂನಿನ ತುಂಡಿಗೆ ತಿಕ್ಕಿ, ಆಮೇಲೆ ಒಳಗೆ ಬಿಟ್ಟರು. ಗಟ್ಟಿ ಮರದಲ್ಲಿ ಸ್ಕ್ರೂ ಮುರಿಯಬಾರದು ಅಂದರೆ ಹಾಗೇ ಮಾಡಬೇಕು. ಗಿಟಾರಿನಿಂದ ಈಗಲೂ ಸ್ನಾನ ಮಾಡಿ ಬಂದ ವಾಸನೆ ಬರುತ್ತದೆ. ಬ್ರಿಡ್ಜ್ ಕೆಳಗಿನ ಲೋಹದ ತುಂಡು ಉದ್ದವಾಗಿ ಹಿಂದೆ ಹೊರಗೆ ಇಣುಕುತ್ತಿತ್ತು. ಹಿಂದಿನ ಮುಚ್ಚಳ ಕೂರಲಿಲ್ಲ. ಅದನ್ನು ಅವ್ವ ಸಾಸಿವೆ ಡಬ್ಬಿಗೆ ಮುಚ್ಚಿದ್ದಾಳೆ.

ಇನ್ನು ಸ್ಪ್ರಿಂಗ್. ಮೇಲೆ ತಂತಿಗಳು ಬ್ರಿಡ್ಜನ್ನು ಒಂದು ಕಡೆ ಎಳೆದರೆ, ಹಿಂದೆ ಸ್ಪ್ರಿಂಗ್‌ಗಳು ಇನ್ನೊಂದು ಕಡೆ ಎಳೆಯುತ್ತವೆ. ತೆಳು ತಂತಿಯ ಸೆಟ್ಟಿನ ಒಟ್ಟು ಬಿಗಿತವೇ ಸುಮಾರು 38 ಕಿಲೋ. ಅದನ್ನು ತಡೆಯುವ ಸ್ಪ್ರಿಂಗ್ ಎಂಥದಿರಬೇಕು? ಇಕ್ಕಳದಲ್ಲಿ ಹಿಡಿದು ಕೊಕ್ಕೆಗೆ ಸಿಕ್ಕಿಸುವಾಗ ಒಂದು ತಪ್ಪಿಸಿಕೊಂಡಿತು. ಅಡುಗೆಮನೆಯಲ್ಲಿ ಠಣ್ ಅಂತು.

"ಶೇಂಗಾ ಹಿಂಡ್ಯಾಗ ಬಿತ್ತು ನೋಡ್ ನಿನ್ನ ಸಂಗೀತ!" ಎಂದಳು ಅವ್ವ. ಬೈದುಕೊಂಡೇ ಬಂದು ಸ್ಪ್ರಿಂಗ್ ಕೊಟ್ಟಳು. ಜೊತೆಗೆ ಅಪ್ಪನ ಹಳೇ ಪೈಜಾಮದ ಲಾಡಿಯನ್ನೂ ಕೊಟ್ಟಳು. ಲಾಡಿಯನ್ನು ಸ್ಪ್ರಿಂಗ್ ತುದಿಗೆ ಕುಣಿಕೆ ಹಾಕಿ ಜಗ್ಗಿದರೆ ತಾನಾಗೇ ಹೋಗಿ ಕೊಕ್ಕೆಗೆ ಕೂರುತ್ತದೆ. ಇಕ್ಕಳಕ್ಕಿಂತ ಸಾವಿರ ಪಾಲು ಮೇಲು.

ನಿಜವಾದ ಕಷ್ಟ ಶುರುವಾದದ್ದು ಶ್ರುತಿ ಮಾಡುವಾಗ. ಹೀಗೆ ಎರಡೂ ಕಡೆಯ ಜಗ್ಗಾಟದ ನಡುವೆ ತೇಲುವ ಬ್ರಿಡ್ಜ್ ಅಂದರೆ ಕೂಡು ಕುಟುಂಬದಲ್ಲಿ ಒಬ್ಬ ಸೊಸೆಗೆ ಮಾತ್ರ ಇಳಕಲ್ ಸೀರೆ ತಂದ ಹಾಗೆ. ದಪ್ಪ ತಂತಿ ಬಿಗಿ ಮಾಡಿದೆ ಅನ್ನಿ, ಬ್ರಿಡ್ಜ್ ಒಂದು ಚೂರು ವಾಲಿ ಉಳಿದ ಐದೂ ಇಳಿಯುತ್ತವೆ. ಅವನ್ನು ಸಮಾಧಾನ ಮಾಡಿ ಕೊನೆಯದಕ್ಕೆ ಬಂದರೆ ಮೊದಲನೆಯದು ಮುನಿಸಿಕೊಂಡಿರುತ್ತದೆ. ಸುತ್ತು ಹಾಕುತ್ತಲೇ ಇರಬೇಕು. ಪ್ರತಿ ಸುತ್ತಿಗೂ ಮುನಿಸು ಸ್ವಲ್ಪ ಕಡಿಮೆಯಾಗುತ್ತದೆ. ನಡುವೆ ಹಿಂದಿನ ಸ್ಕ್ರೂ ಬಿಗಿದು ಸ್ಪ್ರಿಂಗ್‌ಗಳಿಗೂ ಅವರ ಪಾಲು ಕೊಡಬೇಕು.

ಆಂಪ್ಲಿಫೈಯರ್ ಹಚ್ಚಿದರೆ ಗುಂಯ್ ಎಂಬ ಸದ್ದು. ಸ್ಪ್ರಿಂಗ್ ಸಿಕ್ಕಿಸುವ ತಗಡಿಗೆ ಬೆಸೆದಿದ್ದ ಅರ್ಥಿಂಗ್ ವೈರ್ ಲಾಡಿಯ ಜಗ್ಗಾಟದಲ್ಲಿ ಕಿತ್ತುಬಂದಿತ್ತು. ಪಕ್ಕದ ಮನೆಯ ನಿವೃತ್ತ ಸಂಗೀತ ಮಾಸ್ತರು ಕಿಟಕಿಯಲ್ಲಿ ಮುಖ ತೋರಿಸಿದರು. "ತಂಬೂರಿ ತಂದ್ಯೇನೋ? ಷಡ್ಜ ಭಾಳ ಸ್ಥಿರ ಐತಿ!" ಸ್ಥಿರ ಇರದೆ ಏನು? ನಮ್ಮ ಮನೆ ಕರೆಂಟು 50 ಹರ್ಟ್ಸ್, ಅದರ ಗುಂಯ್ ಹೆಚ್ಚಾಗಿ 100ರಲ್ಲಿ ಕೇಳುತ್ತದೆ. ಗಿಟಾರಿನ ಕೆಳಗಿನ ಜಿ ಸ್ವರಕ್ಕಿಂತ ತುಸು ಮೇಲೆ. ಮಾಸ್ತರು ಅದಕ್ಕೇ ಕಂಠ ಹಚ್ಚಿ ಯಮನ್ ರಾಗದ ಆಲಾಪ ಮಾಡಿದರು. ಆಫ್ ಮಾಡಲು ನನಗೆ ಮನಸ್ಸೇ ಬರಲಿಲ್ಲ.

ವೈರನ್ನು ಮತ್ತೆ ಬೆಸೆದುಕೊಟ್ಟವನು ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ರೇಡಿಯೊ ರಿಪೇರಿಯವನು. "ಈ ಸಾಮಾನ ನನಗ ತಿಳಿಯಂಗಿಲ್ರಿ" ಎಂದು ಮೊದಲು ಹಿಂದೇಟು ಹಾಕಿದ. 1954ರಲ್ಲಿ ಈ ಬಗೆಯ ಬ್ರಿಡ್ಜ್ ಇರುವ ಸ್ಟ್ರಾಟೊಕಾಸ್ಟರ್ ಗಿಟಾರ್ ತಂದ ಲಿಯೊ ಫೆಂಡರ್ ಕೂಡ ಮೊದಲು ರೇಡಿಯೊ ರಿಪೇರಿ ಅಂಗಡಿ ಇಟ್ಟವರೇ, ಅವರಿಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂದೆ. ಅವನಿಗೆ ಎಲ್ಲಿಲ್ಲದ ಹುರುಪು ಬಂತು. ಸೋಲ್ಡರ್ ಜಾಸ್ತಿನೇ ಹಾಕಿದ.

ಗಣಪತಿ ಹಬ್ಬಕ್ಕೆ ಓಣಿಯ ಪೆಂಡಾಲಿನಲ್ಲಿ ಮೊದಲ ಕಾರ್ಯಕ್ರಮ. ಮಾಸ್ತರದು ಹಾರ್ಮೋನಿಯಂ, ನನ್ನದು ಗಿಟಾರ್. ಎರಡನೇ ಚರಣದಲ್ಲಿ ತೆಳು ತಂತಿ ಟಪ್ ಅಂತ ಹರಿಯಿತು. ಬೇರೆ ಗಿಟಾರಾದರೆ ಉಳಿದ ಐದರಲ್ಲಿ ಹೇಗೋ ಮುಗಿಸಬಹುದು. ಇಲ್ಲಿ ಎಳೆಯುವವರಲ್ಲಿ ಒಬ್ಬ ಕೈಬಿಟ್ಟನಲ್ಲ, ಸ್ಪ್ರಿಂಗ್‌ಗಳು ಗೆದ್ದು ಬ್ರಿಡ್ಜನ್ನು ಹಿಂದಕ್ಕೆ ಎಳೆದವು. ಐದೂ ತಂತಿ ಕೂಡಿ ಮೇಲಕ್ಕೆ ಹೋದವು. ಹಾಡುವ ಹುಡುಗಿ ಪಾಪ ನನ್ನ ಹಿಂದೆ ಮೇಲೆ ಹತ್ತಿದಳು. ಮಾಸ್ತರ ಹಾರ್ಮೋನಿಯಂ ಇದ್ದಲ್ಲೇ ಇತ್ತು. ಮೂವರೂ ಮೂರು ದಿಕ್ಕಿನಿಂದ ಬಂದು ಹಾಡು ಮುಗಿಸಿದೆವು.

ಹಿಂದಿನ ಸಾಲಿನಿಂದ ಬಡಿಗ ಕಾಕಾ ಎದ್ದು ನಿಂತು "ವನ್ಸ್ ಮೋರ್!" ಎಂದು ಕೂಗಿದರು. ಸೀಟಿ ಬಿದ್ದವು. ಮಾಸ್ತರು ನನ್ನ ಕಡೆ ಬಗ್ಗಿದರು.

"ಇನ್ನೂ ಐದ ತಂತಿ ಅದಾವಲ್ಲೋ. ಮಂದಿ ಕೇಳಾಕ ಹತ್ಯಾರ, ಇನ್ನೊಂದ ಹರಿ."