ಇತರೆ ಖರ್ಚು: ಒಂದು ಲಕ್ಷ

ಬ್ಯಾಂಕಿನ ಗೃಹಸಾಲ ವಿಭಾಗದಿಂದ ನಿವೃತ್ತರಾದವರಿಗೆ ಪಿಂಚಣಿಯ ಜೊತೆ ಇನ್ನೊಂದು ಸೌಲಭ್ಯ ತಾನಾಗಿ ಒದಗಿಬರುತ್ತದೆ. ನೆಂಟರಲ್ಲಿ ಯಾರೇ ಮನೆ ಕೊಳ್ಳಲಿ, ನಮ್ಮನೆಗೆ ಕಾಫಿಗೆ ಬರುತ್ತಾರೆ. ಸಲಹೆ ಕೇಳೋಕೆ ಬಂದ್ವಿ ಅನ್ನುತ್ತಾರೆ. ಎಲ್ಲ ತೀರ್ಮಾನ ಮಾಡಿ, ಬುಕಿಂಗ್ ದುಡ್ಡು ಕೊಟ್ಟಾದ ಮೇಲೆ ಕೇಳುವ ಸಲಹೆ ಅದು. "ಚೆನ್ನಾಗಿದೆ ಕಣಪ್ಪಾ" ಅಂದರೆ ಸಂತೋಷವಾಗಿ ಹೋಗುತ್ತಾರೆ. ಬೇರೇನಾದರೂ ಬಾಯಿಗೆ ಬಂತೋ, ಮುಂದಿನ ಮದುವೆಮನೆಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ.

ತಂಗಿಯ ಮಗ ಪ್ರಮೋದ ಮಾತ್ರ ಬುಕಿಂಗಿಗೆ ಮೊದಲೇ ಬಂದ. ಅವನನ್ನು ಎಳೆದುಕೊಂಡು ಬಂದಿದ್ದು ಹೆಂಡತಿ ಮೇಘ. ಕನಕಪುರ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು, ಒಂಬತ್ತನೇ ಮಹಡಿ, 75 ಲಕ್ಷ. ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ತೋರಿಸಿದ. ಇದ್ದದ್ದು ಮೂರೇ ಸಾಲು: ಬ್ಯಾಂಕ್ ಸಾಲ 60 ಲಕ್ಷ, ಕೈಯಿಂದ 15 ಲಕ್ಷ, ಇತರೆ ಒಂದು ಲಕ್ಷ. ಆ ಕೊನೇ ಸಾಲಿಗೆ ತಿಳಿಹಸಿರು ಬಣ್ಣ ಬೇರೆ.

"ಇತರೆ ಅಂದ್ರೆ ಏನೇನೋ?"

"ಎಲ್ಲಾನೂ ದೊಡ್ಡಮ್ಮ. ರಿಜಿಸ್ಟ್ರೇಷನ್ನು, ಇಂಟೀರಿಯರ್ಸು, ಗೃಹಪ್ರವೇಶ, ಸಣ್ಣಪುಟ್ಟದ್ದು."

ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಕೆಮ್ಮಿದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಕೆಮ್ಮಿನ ಅರ್ಥ ನನಗೆ ಚೆನ್ನಾಗಿ ಗೊತ್ತು.

ನಾನು ಪೆನ್ಸಿಲ್ ತಗೊಂಡೆ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಸ್ಟಾಂಪ್ ಡ್ಯೂಟಿ ಶೇ. 5. ಆ ಡ್ಯೂಟಿಯ ಮೇಲೆ ಶೇ. 10 ಸೆಸ್ಸು, ಪೇಟೆಯಲ್ಲಾದರೆ ಶೇ. 2 ಸರ್‌ಚಾರ್ಜು. ಎಲ್ಲ ಸೇರಿ ಶೇ. 5.6. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ ಕೊನೆಗೆ ಅದು 2 ಆಯಿತು. 75 ಲಕ್ಷಕ್ಕೆ ಲೆಕ್ಕ ಹಾಕಿದರೆ 5 ಲಕ್ಷದ 70 ಸಾವಿರ.

"ಇದನ್ನೂ ಸಾಲದಲ್ಲೇ ಸೇರಿಸೋಕೆ ಆಗಲ್ವಾ?"

ಇಪ್ಪತ್ತು ವರ್ಷ ಕೌಂಟರಿನ ಈಚೆ ಕೂತು ಕೇಳಿಸಿಕೊಂಡ ಪ್ರಶ್ನೆ. ಆಗಲ್ಲ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯಲ್ಲಿ ಶೇ. 80ರವರೆಗೆ ಮಾತ್ರ ಕೊಡಿ ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಆ ಬೆಲೆ ಅಂದರೆ ಬರೀ ಮನೆ. ಸ್ಟಾಂಪು, ರಿಜಿಸ್ಟ್ರೇಷನ್ನು ಅದರಲ್ಲಿ ಸೇರುವುದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಗಿಲಿಗೆ ಹೋಗುವಾಗ ಜೇಬು ನಿನ್ನದೇ. ತಿಳಿಹಸಿರು ಲಕ್ಷ ಅಲ್ಲೇ ಐದು ಸಲ ಮುಗಿದುಹೋಗಿತ್ತು, ಇನ್ನೂ ಬಾಗಿಲಿನ ಬೀಗ ತೆಗೆದಿರಲಿಲ್ಲ.

ಅವನ ಮುಖ ನೋಡಿ ಪಾಪ ಅನ್ನಿಸಿತು. ಒಂದು ಒಳ್ಳೇ ಸುದ್ದಿಯನ್ನೂ ಹೇಳಿದೆ. ಕಟ್ಟಡ ಮುಗಿದು ಓಸಿ, ಅಂದರೆ ವಾಸಕ್ಕೆ ಯೋಗ್ಯ ಅನ್ನುವ ಪತ್ರ, ಬಂದಿದ್ದರಿಂದ ಜಿಎಸ್‌ಟಿ ಇಲ್ಲ. ಇನ್ನೂ ಕಟ್ಟುತ್ತಿರುವ ಮನೆ ಆಗಿದ್ದಿದ್ದರೆ ಶೇ. 5, ಅಂದರೆ ಮೂರೂಮುಕ್ಕಾಲು ಲಕ್ಷ ಹೋಗುತ್ತಿತ್ತು. ಹೇಳಬಾರದಿತ್ತೇನೋ. ಪ್ರಮೋದ ತಕ್ಷಣ "ಉಳಿತಾಯ: 3.75 ಲಕ್ಷ" ಅಂತ ಹೊಸ ಸಾಲು ಬರೆದು, ಅದನ್ನು ಮಾಡ್ಯುಲರ್ ಕಿಚನ್ನಿಗೆ ಕೊಟ್ಟುಬಿಟ್ಟ. ಎಂದೂ ಇರದಿದ್ದ ದುಡ್ಡು ಹೀಗೆ ಖರ್ಚಾಗುವುದನ್ನು ನಾನು ಮೊದಲ ಸಲ ಕಣ್ಣಾರೆ ನೋಡಿದೆ. ಮೇಘ ಡಿಲೀಟ್ ಒತ್ತಿದಳು.

ಇಎಂಐ ಲೆಕ್ಕ ಅವಳೇ ಮಾಡಿದಳು. 60 ಲಕ್ಷ, 20 ವರ್ಷ, ಬಡ್ಡಿ ಶೇ. 8.5 ಅಂತ ಹಿಡಿದರೆ ತಿಂಗಳಿಗೆ ಹತ್ತಿರ ಹತ್ತಿರ 52 ಸಾವಿರ. ಮೊದಲನೇ ಕಂತಿನಲ್ಲಿ 42,500 ಬರೀ ಬಡ್ಡಿಗೆ ಹೋಗುತ್ತದೆ. ಅಸಲಿಗೆ ಸೇರುವುದು ಒಂಬತ್ತೂವರೆ ಸಾವಿರ. ಚದರಡಿಗೆ ಆರು ಸಾವಿರದ ಫ್ಲ್ಯಾಟದು.

"ಹಂಗಾದ್ರೆ ಮೊದಲನೇ ತಿಂಗಳು ನಮ್ಮದಾಗೋದು ಒಂದೂವರೆ ಚದರಡಿ. ಕಾಲೊರೆಸೋ ಮ್ಯಾಟ್ ಹಾಕ್ಬೋದು" ಅಂದಳು. ಈ ಹುಡುಗಿ ನಮ್ಮ ಬ್ಯಾಂಕಿಗೆ ಸೇರಬೇಕಿತ್ತು.

ನಾನು ಎಲ್ಲರಿಗೂ ಹೇಳುವ, ಯಾರೂ ಕೇಳದ ಸಲಹೆ ಒಂದಿದೆ. ಮನೆ ಕೊಳ್ಳುವ ಮೊದಲು ಕೊಂಡಂತೆ ಬದುಕಿ ನೋಡಿ. ಇವರ ಬಾಡಿಗೆ 28 ಸಾವಿರ. ನಾಳೆ ಇಎಂಐ 52, ಮೇಂಟೆನೆನ್ಸ್ 5, ಒಟ್ಟು 57. ಮಧ್ಯದ 29 ಸಾವಿರವನ್ನು ಸಂಬಳ ಬಂದ ದಿನವೇ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಅಂದರೆ ಆರ್‌ಡಿಗೆ ಹಾಕಿ ಆರು ತಿಂಗಳು ಸಂಸಾರ ಮಾಡಿ. ಮಾಡಲಾದರೆ ಮನೆ ತಗೊಳ್ಳಿ. ಅಷ್ಟು ಹೊತ್ತಿಗೆ ಪರದೆ, ಫ್ಯಾನಿಗೆ ದುಡ್ಡೂ ಕೂಡಿರುತ್ತದೆ. ಆಗದಿದ್ದರೆ ಬ್ಯಾಂಕಿನವರ ಫೋನು ಬರುವ ಮೊದಲೇ ಗೊತ್ತಾಯಿತಲ್ಲ. ಮೇಘ ಒಪ್ಪಿದಳು, ಆದ್ದರಿಂದ ಪ್ರಮೋದನೂ ಒಪ್ಪಿದ. ಮೊದಲನೇ ತಿಂಗಳು 20ನೇ ತಾರೀಖಿಗೆ ಅವನ ಫೋನು: "ದೊಡ್ಡಮ್ಮ, ಆರ್‌ಡಿ ಮಧ್ಯದಲ್ಲಿ ಮುರಿಸಬಹುದಾ?" ವಿಚಾರಿಸಿದರೆ, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ತರಿಸುತ್ತಿದ್ದ ಬಿರಿಯಾನಿಯೇ ಅರ್ಧ ಆರ್‌ಡಿ ತಿನ್ನುತ್ತಿತ್ತು. ಅಂತೂ ಪೂರೈಸಿದರು. ಪ್ರಮೋದ ಸ್ವಲ್ಪ ತೆಳ್ಳಗೂ ಆದ.

ಕೀಲಿ ಕೊಟ್ಟ ದಿನ ನಾವೂ ಹೋದೆವು. ಮಾದರಿ ಫ್ಲ್ಯಾಟಿನಲ್ಲಿ ಜೋತಾಡುತ್ತಿದ್ದ ತೂಗುದೀಪದ ಜಾಗದಲ್ಲಿ ಎರಡು ವಯರು ನಾಲಿಗೆ ಚಾಚಿದ್ದವು. ಬಲ್ಬಿಲ್ಲ. ಫ್ಯಾನಿಗೆ ಕೊಕ್ಕೆ ಇತ್ತು, ಫ್ಯಾನಿರಲಿಲ್ಲ. ಅಡುಗೆಮನೆ ಅಂದರೆ ಒಂದು ಗ್ರಾನೈಟ್ ಕಲ್ಲು, ಒಂದು ಸಿಂಕು. ಕೆಳಗೆ ಅಡ್ಡಾಡುವಷ್ಟು ಬಯಲು. ಗೀಸರಿನ ಜಾಗದಲ್ಲಿ ಎರಡು ಪೈಪಿನ ಬಾಯಿಗೆ ಬಿರಡೆ. ಬಾಲ್ಕನಿಯಲ್ಲಿ ಮಾತ್ರ ಸಂಸಾರ ಆಗಲೇ ಶುರುವಾಗಿತ್ತು: ಒಂದು ಜೊತೆ ಪಾರಿವಾಳ, ಎರಡು ಮೊಟ್ಟೆ. ಹೀಗೆ "ಇತರೆ"ಗೆ ಪಾರಿವಾಳದ ಬಲೆ ಸೇರಿತು. ಸೊಳ್ಳೆ ಮೆಶ್ ಹಿಂದೆಯೇ ಬಂತು. ಮೊಟ್ಟೆ ಒಡೆದು ಮರಿ ಹಾರುವ ತನಕ ಬಲೆ ಹಾಕಿಸಕೂಡದು ಅಂತ ತಂಗಿ ಹಟ ಹಿಡಿದಳು. ಬಾಡಿಗೆ ಕೊಡದ ಮೊದಲ ಬಾಡಿಗೆದಾರರು.

ನಮ್ಮ ಮನೆಯವರು ಟೇಪು ಹಿಡಿದು ಅಳೆಯತೊಡಗಿದರು. ಕಾಗದದಲ್ಲಿ ಸೂಪರ್ ಬಿಲ್ಟಪ್ 1250 ಚದರಡಿ, ಕಾರ್ಪೆಟ್ ಏರಿಯಾ 860. ಬಿಲ್ಡರುಗಳಿಗೆ ಕಡಿವಾಣ ಹಾಕುವ ರೇರಾ ಕಾಯ್ದೆ ಬಂದ ಮೇಲೆ ಎರಡನೆಯದನ್ನೂ ಬರೆದು ಕೊಡುತ್ತಾರೆ, ಓದುವವರು ಇರಬೇಕಷ್ಟೆ. ಓಡಾಡುವುದಕ್ಕೆ 860. ಚದರಡಿಗೆ ನಾಲ್ಕು ರೂಪಾಯಿಯಂತೆ ಮೇಂಟೆನೆನ್ಸ್ ಕಟ್ಟುವುದಕ್ಕೆ 1250. ಲಿಫ್ಟಿನಲ್ಲಿ, ಮೆಟ್ಟಿಲ ಮೇಲೆ, ಕ್ಲಬ್‌ಹೌಸಿನಲ್ಲಿ ನಮ್ಮ ಪಾಲು ಎಲ್ಲೆಲ್ಲೋ ಹಂಚಿಹೋಗಿದೆ. ಎರಡು ವರ್ಷದ ಮೇಂಟೆನೆನ್ಸ್ ಮುಂಗಡ 1 ಲಕ್ಷದ 20 ಸಾವಿರ, ಮುಂದಿನ ದೊಡ್ಡ ಖರ್ಚಿಗೆ ಕೂಡಿಡುವ ಕಾರ್ಪಸ್ ಫಂಡ್ ಬೇರೆ. ಇ-ಖಾತಾ, ಏಪ್ರಿಲ್ಲಿನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುವ ಆಸ್ತಿ ತೆರಿಗೆ, ಇವೆಲ್ಲ ಮೇಘಳ ಪಟ್ಟಿಯಲ್ಲಿ ಮೊದಲೇ ಇದ್ದವು. ಇಲ್ಲದ್ದು ಫ್ರಿಜ್ಜಿನ ಅಳತೆ. ಮದುವೆಯಲ್ಲಿ ತಂಗಿ ಕೊಟ್ಟ ಎರಡು ಬಾಗಿಲಿನ ಫ್ರಿಜ್ಜು ಅಡುಗೆಮನೆಯೊಳಕ್ಕೆ ಹೋಗಲಿಲ್ಲ. ಇವತ್ತಿಗೂ ಹಾಲ್‌ನಲ್ಲಿ ಟಿವಿ ಪಕ್ಕ ನಿಂತು ಅದೂ ಧಾರಾವಾಹಿ ನೋಡುತ್ತದೆ.

ಇಂಟೀರಿಯರ್ಸ್ ಹುಡುಗ ಬಂದು ಡ್ರಾಯರ್ ತಳ್ಳಿ ತೋರಿಸಿದ. ಅದು ತಾನೇ ನಿಧಾನವಾಗಿ, ಸದ್ದಿಲ್ಲದೆ ಮುಚ್ಚಿಕೊಂಡಿತು. ಇದಕ್ಕೆ ಸ್ವಲ್ಪ ಎಕ್ಸ್‌ಟ್ರಾ ಸರ್, ಅಂದ. ಎಷ್ಟು ಅಂತ ಕೇಳಿದ ಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಿದ್ದು ಪ್ರಮೋದನ ಬಾಯಿ.

ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಬಂದಾಗ ವಾರ್ಡ್‌ರೋಬ್ ಅಂತ ಲೆಕ್ಕ ಇತ್ತು. ಬೆಂಗಳೂರಿನಲ್ಲಿ ಬಾಡಿಗೆಗಿದ್ದವರಿಗೆ ಗೊತ್ತೇ ಇದೆ: ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಮುರಿದುಕೊಳ್ಳುತ್ತಾರೆ, ಗೋಡೆ ಎಷ್ಟೇ ಹೊಳೆಯುತ್ತಿರಲಿ. ವಾರ್ಡ್‌ರೋಬಿಗೆ ಒಂದು ಬಾಗಿಲು ಕಡಿಮೆಯಾಯಿತು.

ಗೃಹಪ್ರವೇಶಕ್ಕೆ ಹಸು ಬೇಕೇಬೇಕು ಅಂತ ಬೀಗಿತ್ತಿ. ಲಿಫ್ಟಿಗೆ ಹಸು ಹತ್ತಿಸುವಂತಿಲ್ಲ ಅಂತ ಸೆಕ್ಯುರಿಟಿ. ಕೊನೆಗೆ ಪಾರ್ಕಿಂಗಿನಲ್ಲೇ ಪೂಜೆ ಆಯಿತು. ಹಸು ಯಾರದೋ ಕಾರಿನ ಪಕ್ಕ ತನ್ನ ಆಶೀರ್ವಾದವನ್ನು ಧಾರಾಳವಾಗಿ ಬಿಟ್ಟುಹೋಯಿತು. ತೊಳೆಸಿದ ಕೂಲಿ, ಇತರೆ. ಮೇಲೆ ಗಣಹೋಮ ಶುರುವಾಗಿ ತುಪ್ಪ ಬಿದ್ದದ್ದೇ ತಡ, ಹೊಗೆ ಕಾರಿಡಾರಿಗೆ ಹೋಗಿ ಫೈರ್ ಅಲಾರ್ಮ್ ಕೂಗಿಕೊಂಡಿತು. ಪೂರ್ಣಾಹುತಿಗೆ ಇಷ್ಟು ಜೋರಿನ ವಾದ್ಯವನ್ನು ಪುರೋಹಿತರೂ ಕೇಳಿರಲಿಲ್ಲ. ಹತ್ತು ಮಹಡಿಯ ಜನ ನೈಟಿ, ಲುಂಗಿಯಲ್ಲಿ ಕೆಳಗಿಳಿದರು. ಇಳಿದವರನ್ನು ಹಾಗೇ ಕಳಿಸುವುದಕ್ಕಾಗುತ್ತದೆಯೇ? ತಂಗಿ ಎಲ್ಲರನ್ನೂ ಊಟಕ್ಕೆ ಕರೆದಳು. ಅಡುಗೆಯವರು ಎಲೆ ಲೆಕ್ಕದಲ್ಲಿ ಬಿಲ್ ಮಾಡಿದರು.

ಆದರೆ ಆ ಊಟದಿಂದ ಇಡೀ ಅಪಾರ್ಟ್‌ಮೆಂಟಿಗೆ ಪ್ರಮೋದನ ಪರಿಚಯವಾಯಿತು. ಪಾಯಸದ ಹೊತ್ತಿಗೆ ಯಾರ ಹತ್ತಿರವೋ ತನ್ನ ಎಕ್ಸೆಲ್ ಶೀಟಿನ ವಿಷಯ ಹೇಳಿಕೊಂಡಿದ್ದಾನೆ. ಈಗ ಅದು 64 ಸಾಲು. ಮುಂದಿನ ಮೀಟಿಂಗಿನಲ್ಲಿ ಅಸೋಸಿಯೇಷನ್ನಿನ ಖಜಾಂಚಿ ಮಾಡಿಬಿಟ್ಟರು.

ಮೊನ್ನೆ ರಾತ್ರಿ ಹತ್ತೂವರೆಗೆ ಫೋನು. "ದೊಡ್ಡಮ್ಮ, ಎಸ್‌ಟಿಪಿ ಬಗ್ಗೆ ಸ್ವಲ್ಪ ಹೇಳಿ. ತುಂಬಾ ದುಡ್ಡು ಬೇಕು ಅಂತಿದಾರೆ."

ಹುಡುಗನಿಗೆ ಅಂತೂ ಬುದ್ಧಿ ಬಂತು ಅಂತ ಖುಷಿಯಾಯಿತು. ಒಂದು ಮ್ಯೂಚುವಲ್ ಫಂಡಿನಿಂದ ಇನ್ನೊಂದಕ್ಕೆ ತಿಂಗಳು ತಿಂಗಳು ದುಡ್ಡು ಹೇಗೆ ವರ್ಗಾಯಿಸುವುದು, ಅದರಿಂದ ಏನು ಲಾಭ, ಕಾರ್ಪಸ್ ಫಂಡಿಗೆ ಅದು ಸರಿಯೋ ತಪ್ಪೋ ಅಂತ ಸಾವಕಾಶವಾಗಿ ಬಿಡಿಸಿ ಹೇಳಿದೆ. ಅವನು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡ.

"ಅದಲ್ಲ ದೊಡ್ಡಮ್ಮ, ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ" ಅಂದ. "ಬೇಸ್‌ಮೆಂಟಿಂದ ವಾಸನೆ ಬರ್ತಿದೆ."