ಪತ್ರೊಡೆ ಡಬ್ಬಿಯ ಆಕಾಶಯಾನ

ಗೋಕರ್ಣದ ಬಸ್ಸಿನಲ್ಲಿ ಸಾಣಿಕಟ್ಟಾ ಬಂದಾಗಲೆಲ್ಲ ನಾನು ಕಿಟಕಿಗೆ ಮುಖ ಒತ್ತಿ ಕೂರುತ್ತೇನೆ. ಉಪ್ಪಿನ ಆಗರಗಳು. ಒಂದು ಚೌಕದಲ್ಲಿ ನೀರು, ಪಕ್ಕದ್ದರಲ್ಲಿ ಕೆಸರು, ಅದರಾಚೆ ಬೆಳ್ಳಗೆ ಉಪ್ಪಿನ ಗುಪ್ಪೆ. ಇದನ್ನೇ ಆಕಾಶದಿಂದ ನೋಡಿದರೆ ಹೇಗಿರಬಹುದು ಅಂತ ಒಂದು ದಿನ ಮನೆಯಲ್ಲಿ ಬಾಯಿಬಿಟ್ಟೆ. ಬಿಡಬಾರದಿತ್ತು.

"ಡ್ರೋನ್ ತಗೊಳ್ಳಿ ಮಾವ" ಅಂದ ಅಕ್ಕನ ಮಗ. ಬೆಲೆ ಹೇಳಿದ. ಆ ವಿಷಯ ಅಲ್ಲಿಗೇ ಮುಗಿಯಿತು.

ಎರಡು ದಿನ ಬಿಟ್ಟು ಅವನೇ ಇನ್ನೊಂದು ಸುದ್ದಿ ತಂದ. ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಫೋಟೋ ತೆಗೆಯುತ್ತಾರಂತೆ. 1888ರಲ್ಲೇ ಫ್ರಾನ್ಸಿನ ಆರ್ಥರ್ ಬಾತ್ಯು ಹೀಗೆ ಮಾಡಿದ್ದ. ಮೇಲೆ ಹೋದ ಕ್ಯಾಮೆರಾದ ಗುಂಡಿ ಒತ್ತುವವರು ಯಾರು? ಅದಕ್ಕೆ ಅವನು ನಿಧಾನಕ್ಕೆ ಉರಿಯುವ ಬತ್ತಿ ಇಟ್ಟಿದ್ದನಂತೆ. ಬತ್ತಿ ಉರಿದು ದಾರ ಸುಟ್ಟರೆ ಫೋಟೋ. 1906ರ ಭೂಕಂಪದಲ್ಲಿ ಹಾಳಾದ ಸ್ಯಾನ್‌ಫ್ರಾನ್ಸಿಸ್ಕೋ ನಗರವನ್ನು ಅಮೆರಿಕದ ಜಾರ್ಜ್ ಲಾರೆನ್ಸ್ ತೆಗೆದದ್ದೂ ಹೀಗೆಯೇ. ಸಾಲು ಸಾಲು ಗಾಳಿಪಟ, ಇಪ್ಪತ್ತು ಕಿಲೋಗಿಂತ ಜಾಸ್ತಿ ತೂಕದ ಕ್ಯಾಮೆರಾ. ನಮ್ಮದೋ, ಗಾಜು ಒಡೆದ ಒಂದು ಹಳೇ ಮೊಬೈಲು. ಇಷ್ಟೂ ಆಗದಿದ್ದರೆ ಹೇಗೆ?

ಜಪಾನಿನ ರೊಕ್ಕಾಕು ಅಂತ ಆರು ಮೂಲೆಯ ಗಾಳಿಪಟ ಇದೆ. ಬಾಲ ಬೇಡ, ಭಾರ ಎತ್ತುತ್ತದೆ. ಬಿದಿರು ಸೀಳಿ ಕಡ್ಡಿ ಮಾಡಿದೆವು. ಎರಡು ಹಳೇ ಕೊಡೆಗಳ ಬಟ್ಟೆ ಬಿಚ್ಚಿ ಹೊಲಿದೆವು. ಅದರಲ್ಲಿ ಒಂದು ಹಳೇದಲ್ಲ ಅಂತ ಆಮೇಲೆ ಗೊತ್ತಾಯಿತು. ದಾರ ಮಾತ್ರ ಬಂದರಿನ ಅಂಗಡಿಯಲ್ಲಿ ಕೊಂಡದ್ದು, ಬಲೆಗೆ ಹಾಕುವ ನೈಲಾನು. ಒಟ್ಟು ನೋಡಿದರೆ ಗಾಳಿಪಟಕ್ಕಿಂತ ಬಾವಲಿಯ ರೂಪವೇ ಹೆಚ್ಚು.

ಉಳಿದದ್ದು ಮೊಬೈಲಿಗೊಂದು ತೊಟ್ಟಿಲು. ಸುಮ್ನೆ ದಾರಕ್ಕೆ ಕಟ್ಟಿದರೆ ಅದು ಗಡಿಯಾರದ ಲೋಲಕದ ಹಾಗೆ ಓಲಾಡುತ್ತದೆ. ಇದಕ್ಕೆ ಪಿಯರ್ ಪಿಕಾವೆ ಎಂಬ ಇನ್ನೊಬ್ಬ ಫ್ರಾನ್ಸಿನವನು 1912ರಲ್ಲಿ ಉಪಾಯ ಕಂಡುಹಿಡಿದಿದ್ದಾನೆ. ಎರಡು ಕಡ್ಡಿಯ ಒಂದು ಶಿಲುಬೆ, ನಾಲ್ಕು ತುದಿಗೂ ಉಂಗುರ. ಅವುಗಳೊಳಗೆ ಒಂದೇ ದಾರ ಹಿಂದೆ ಮುಂದೆ ಓಡಾಡುತ್ತದೆ. ಗಾಳಿಪಟ ಎಷ್ಟೇ ವಾಲಲಿ, ಶಿಲುಬೆ ಮಟ್ಟವಾಗಿಯೇ ಇರುತ್ತದೆ. ಪರದೆಯ ಉಂಗುರಗಳಲ್ಲಿ ಇದು ಚೆನ್ನಾಗಿಯೇ ಆಯಿತು. ಆದರೆ ಅದರ ಕೆಳಗೆ ಮೊಬೈಲು ಕೂರಲು ಹಗುರವಾದ, ಗಟ್ಟಿ ಮುಚ್ಚಳದ ಡಬ್ಬಿ ಬೇಕಿತ್ತಲ್ಲ.

ಡಬ್ಬಿ ಸಿಕ್ಕಿತು. ಎದುರುಮನೆ ಅಕ್ಕೋರದ್ದು. ಆಷಾಢದಲ್ಲಿ ಪತ್ರೊಡೆ ತುಂಬಿಕೊಂಡು ಬಂದಿತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಹೆಂಡತಿ, ಏನಾದರೂ ಮಾಡಿದಾಗ ಕೊಡೋಣ ಅಂತ ನಾನು. ದೀಪಾವಳಿ ಕಳೆದರೂ ಅದು ನಮ್ಮ ಕಪಾಟಿನಲ್ಲೇ ಇತ್ತು. ಒಂದು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಮೊಳೆ ಕಾಯಿಸಿ ಬುಡಕ್ಕೆ ತೂತು ಹಾಕಿದೆ. ಚುಂಯ್ ಅಂತ ಹೊಗೆ ಬಂತು. ಬುಡದ ಮೂಲೆಯಲ್ಲಿ ಅಕ್ಕೋರು ಗುರುತಿಗೆ ಕೆಂಪು ನೇಲ್ ಪಾಲಿಶಿನಲ್ಲಿ ದೊಡ್ಡದಾಗಿ 'ಸ' ಅಂತ ಬರೆದಿದ್ದರು. ತೂತು ಅದರ ಪಕ್ಕಕ್ಕೇ ಬಿತ್ತು. ಹೇಳಲಿಕ್ಕೆ ಮರೆತೆ, ಅಕ್ಕೋರು ನನಗೆ ಎರಡನೇ ಈಯತ್ತೆ ಕಲಿಸಿದವರು. ನನಗೀಗ ನಲವತ್ತಾರು. ಅವರು ಕನ್ನಡಕ ಮೇಲೆ ಸರಿಸಿ ನೋಡಿದರೆ ಈಗಲೂ ಕೈ ತಾನಾಗಿಯೇ ಹಿಂದೆ ಹೋಗುತ್ತದೆ.

ಮೊದಲ ಹಾರಾಟ ನಮ್ಮೂರ ಕಡಲತೀರದಲ್ಲಿ. ಬಾವಲಿ ಜುಂ ಅಂತ ಏರಿತು. ಮೂವತ್ತು ಮೀಟರ್ ದಾರ ಬಿಟ್ಟಮೇಲೆ ಡಬ್ಬಿ ಕಟ್ಟಿ ಇನ್ನೂ ಬಿಟ್ಟೆವು. ಐದು ಸೆಕೆಂಡಿಗೊಂದು ಫೋಟೋ. ಗರುಡವೊಂದು ಬಂದು ಡಬ್ಬಿಗೆ ಎರಡು ಸುತ್ತು ಹಾಕಿತು. ಮೀನು ಒಣಗಿಸುತ್ತಿದ್ದ ಅಜ್ಜಿ ಮೇಲೆ ನೋಡಿ ಕೈಮುಗಿದಳು. ಗರುಡಕ್ಕೋ ಡಬ್ಬಿಗೋ, ನಾನು ಕೇಳಲು ಹೋಗಲಿಲ್ಲ. ದಾರ ಎಳೆದು ಎರಡು ಬೆರಳಿನ ಚರ್ಮ ಕಿತ್ತಿತ್ತು, ಆದರೂ ಖುಷಿ. ಮನೆಗೆ ಬಂದು ನೋಡಿದರೆ 214 ಫೋಟೋ, ಎಲ್ಲವೂ ಹಳದಿ. ಮೊಬೈಲು ಸೆಲ್ಫಿ ಕ್ಯಾಮೆರಾದಲ್ಲಿತ್ತು. ಅರವತ್ತು ಮೀಟರ್ ಎತ್ತರದಿಂದ ಅದು ತೆಗೆದದ್ದು ಡಬ್ಬಿಯ ಮುಚ್ಚಳವನ್ನು, ಒಳಗಡೆಯಿಂದ. ಪತ್ರೊಡೆಯ ಅರಿಸಿನದ ಕಲೆ ಬಹಳ ಸ್ಪಷ್ಟವಾಗಿ ಬಂದಿತ್ತು.

"ಇದನ್ನ ನೆಲದ ಮೇಲೇ ತೆಗೀಬಹುದಿತ್ತಲ್ಲ" ಅಂದಳು ಹೆಂಡತಿ. ಯಾವ ಡಬ್ಬಿ ಅಂತ ಅವಳಿಗೆ ಗೊತ್ತಾದದ್ದೂ ಆಗಲೇ.

ಅಕ್ಕನ ಮಗ ಸಮಾಧಾನಕ್ಕೆ ಅಂತ ಇನ್ನೊಂದು ಸುದ್ದಿ ಹೇಳಿದ. 1934ರ ವಿಮಾನ ಕಾಯ್ದೆಯಲ್ಲಿ ವಿಮಾನ ಅಂದರೆ ಏನು ಅಂತ ಬರೆದ ಕಡೆ ಗಾಳಿಪಟವೂ ಸೇರಿತ್ತಂತೆ. ಹಾಗಾದರೆ ನಾನು ಪೈಲಟ್ ಅಲ್ವಾ ಅಂದೆ. ಪೈಲಟರು ಗಿರಣಿಯಿಂದ ಹಿಟ್ಟು ತರಬೇಕು ಅಂತ ಒಳಗಿನಿಂದ ಅಪ್ಪಣೆಯಾಯಿತು.

ನನ್ನ ನಿಜವಾದ ವೈರಿ ಗಾಳಿ. ಮಧ್ಯಾಹ್ನದ ಮೇಲೆ ನೆಲ ಕಾದು ಗಾಳಿ ಕಡಲಿನಿಂದ ಊರಿನ ಕಡೆ ಬೀಸುತ್ತದೆ. ಬೆಳಗ್ಗೆ ಇದರ ಉಲ್ಟಾ. ಅಂದರೆ ಸಂಜೆ ಹಾರಿಸಿ ಬಿದ್ದರೆ ತೆಂಗಿನಮರ, ಬೆಳಗ್ಗೆ ಹಾರಿಸಿ ಬಿದ್ದರೆ ಅರಬ್ಬೀ ಸಮುದ್ರ. ಮರವೇ ವಾಸಿ ಅಂತ ಸಂಜೆ ಹೋದೆವು. ಈ ಸಲ ಸರಿಯಾದ ಕ್ಯಾಮೆರಾ. ಅರ್ಧ ಗಂಟೆ ಎಲ್ಲ ಚೆನ್ನಾಗಿತ್ತು. ಇಳಿಸೋಣ ಮಾವ ಅಂದ. ಸೂರ್ಯ ಮುಳುಗುವಾಗ ಬೆಳಕು ಚಂದ, ಹತ್ತು ನಿಮಿಷ ಇರಲಿ ಅಂದೆ. ಹೊತ್ತು ಮುಳುಗುವಾಗ ನೆಲ ತಣಿಯುತ್ತದೆ, ಗಾಳಿ ಸತ್ತುಹೋಗುತ್ತದೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಬಾವಲಿ ಒಮ್ಮೆ ತಲೆ ಅಲ್ಲಾಡಿಸಿತು. ನಾವು ದಾರ ಎಳೆದುಕೊಂಡು ಹಿಂದೆ ಹಿಂದೆ ಓಡಿದೆವು, ಮೊಣಕಾಲು ನೀರಿನವರೆಗೆ. ಅದು ಮೆತ್ತಗೆ ಮನೆಗಳ ಸಾಲಿನ ಮೇಲೆ ಇಳಿದು ಒಂದು ತೆಂಗಿನಮರದಲ್ಲಿ ಕೂತಿತು. ಯಾರ ಮರ ಅಂತ ಬೇರೆ ಹೇಳಬೇಕೇ?

ಕತ್ತಲಲ್ಲಿ ಯಾರೂ ಮರ ಹತ್ತುವುದಿಲ್ಲ. ಮರುದಿನ ಬೆಳಗ್ಗೆ ಕಾಯಿ ಕೊಯ್ಯುವವನು ಬಂದ. ನಾನು ಬೇಡ ಬೇಡ ಅಂದರೂ ಹತ್ತಿದ ಮೇಲೆ ಸುಮ್ನೆ ಯಾಕೆ ಅಂತ ಒಂದು ಗೊನೆ ಇಳಿಸಿದ. ಅದಕ್ಕೆ ಬೇರೆ ಲೆಕ್ಕ. ಬಾವಲಿಯ ಎರಡು ಎಲುಬು ಮುರಿದಿದ್ದವು. ಡಬ್ಬಿಗೆ ಏನೂ ಆಗಿರಲಿಲ್ಲ.

ಮೊಬೈಲು ಚಾರ್ಜಿಗೆ ಹಾಕಿ ಫೋಟೋ ನೋಡಿದೆ. ಕೆಂಪು ಹಂಚಿನ ಮಾಡುಗಳು, ದಡಕ್ಕೆ ಎಳೆದಿಟ್ಟ ದೋಣಿಗಳು, ಒಣಹಾಕಿದ ಬಲೆ, ಸಾಲು ಬಿಟ್ಟು ಸಾಲು ಬರುವ ಬಿಳಿ ನೊರೆ. ನಿಜಕ್ಕೂ ಚಂದ. ಆಮೇಲೆ ತೆಂಗಿನ ಗರಿ. ಗರಿಯ ಸಂದಿಯಲ್ಲಿ ಒಂದು ಅಂಗಳ. ಡಬ್ಬಿ ಗರಿಯಿಂದ ಕೆಳಗೆ ನೇತಾಡುತ್ತಿತ್ತು. ಮರದಲ್ಲಿ ಸಿಕ್ಕಿಕೊಂಡರೂ ಪಿಕಾವೆ ತನ್ನ ಕೆಲಸ ಬಿಟ್ಟಿರಲಿಲ್ಲ, ಕ್ಯಾಮೆರಾ ನೆಟ್ಟಗೆ ಕೆಳಗೇ ನೋಡುತ್ತಿತ್ತು. ಐದು ಸೆಕೆಂಡಿಗೊಂದು. ಮೊದಲನೆಯದರಲ್ಲಿ ಅಕ್ಕೋರು ತುಳಸಿಕಟ್ಟೆಗೆ ದೀಪ ಇಡುತ್ತಿದ್ದಾರೆ. ಮುಂದಿನದರಲ್ಲಿ ತಲೆ ಎತ್ತಿದ್ದಾರೆ. ಅದರ ಮುಂದಿನದರಲ್ಲಿ ದೀಪವನ್ನೇ ಎತ್ತಿ ಹಿಡಿದಿದ್ದಾರೆ. ನಾಲ್ಕನೆಯದರಲ್ಲಿ ಕನ್ನಡಕ ಮೇಲೆ ಸರಿದಿದೆ, ಕಣ್ಣು ಸೀದಾ ಕೆಂಪು 'ಸ' ಮೇಲೆ. ಐದನೆಯದರಲ್ಲಿ ಅವರು ತಿರುಗಿ ನೋಡುತ್ತಿರುವುದು ನಮ್ಮ ಮನೆಯನ್ನು.

ಬಾಗಿಲು ಬಡಿದ ಸದ್ದಾಯಿತು.

"ತಮಾ, ಡಬ್ಬಿ ಇಳೀತಾ?"

ಕೊಟ್ಟೆ. ಬುಡ ತಿರುಗಿಸಿ ನೋಡಿದರು. ತೂತಿನಲ್ಲಿ ಕಿರುಬೆರಳು ತೂರಿಸಿದರು. ನನ್ನ ಕೈ ಆಗಲೇ ಹಿಂದೆ ಹೋಗಿತ್ತು. ಏನೂ ಹೇಳದೆ ಡಬ್ಬಿಯನ್ನು ಸೆರಗಿನಡಿ ಇಟ್ಟುಕೊಂಡು ಹೋದರು.

ಸಾಣಿಕಟ್ಟಾ ಇನ್ನೂ ಬಾಕಿ ಇದೆ. ಬಾವಲಿಗೆ ಹೊಸ ಕಡ್ಡಿ ಹಾಕಿದ್ದೇವೆ. ಈಗ ಅದರಲ್ಲಿ ಕೂರುವುದು ನಮ್ಮದೇ ಡಬ್ಬಿ. ಅಕ್ಕೋರ ಮನೆಯಿಂದ ತಿಂಡಿ ಬರುವುದೇನೂ ನಿಂತಿಲ್ಲ. ಎಲ್ಲ ಬಾಳೆಲೆಯಲ್ಲಿ ಕಟ್ಟಿ ಬರುತ್ತದೆ.